ಹಳೆಯ ಮನೆಗೆ ತಕ್ಕ ಪ್ಲಂಬರನನ್ನು ಹುಡುಕಿದ ಬಗೆ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಕಡೆಯಲ್ಲಿ ಪೈಪು ಜೋಡಿಸಬಲ್ಲವರಿಗೆ ಕೊರತೆಯಿಲ್ಲ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರು, ಕೊಳವೆಬಾವಿಗೆ ಪಂಪು ಇಳಿಸುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಊರಿಗೆ ಮರಳಿದವರು, ಪೇಟೆಯ ಫ್ಲಾಟುಗಳ ಕೆಲಸಕ್ಕೆಂದು ಒಡಿಶಾದಿಂದ ಬಂದವರು, ಹೀಗೆ ಎಲ್ಲರನ್ನೂ ನಾವು ಪ್ಲಂಬರ್ ಎಂದೇ ಕರೆಯುತ್ತೇವೆ. ಆದರೆ ತೋಟದ ಪೈಪು ಒಡೆದರೆ ನೀರು ಮಣ್ಣಿಗೆ ಹೋಗುತ್ತದೆ, ಗೋಡೆಯೊಳಗಿನ ಪೈಪು ಸೋರಿದರೆ ಅದು ಮನೆಯ ಅಡಿಪಾಯಕ್ಕೇ ಇಳಿಯುತ್ತದೆ. ಆದ್ದರಿಂದ ಮನೆಯ ದುರಸ್ತಿಗೆ ಯಾರನ್ನು ಕರೆಯಬೇಕೆಂಬುದನ್ನು ಬಹಳ ಯೋಚಿಸಿಯೇ ನಿರ್ಧರಿಸಬೇಕಾಯಿತು.

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಹಳೆಯ ಮನೆ. ಬಚ್ಚಲುಮನೆಯ ಹಿಂಬದಿಯ ಗೋಡೆ ತೇವಗೊಂಡು ಸುಣ್ಣ ಉದುರತೊಡಗಿತ್ತು. ಮುರಕಲ್ಲು ನೀರನ್ನು ಹೀರಿಕೊಳ್ಳುವ ಕಲ್ಲಾದುದರಿಂದ, ಮಳೆಗಾಲದಲ್ಲಿ ಕಾಣುವ ಒದ್ದೆ ಮಳೆನೀರಿನದೋ ಪೈಪಿನದೋ ಎಂದು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ. ಯಾರನ್ನೂ ಕರೆಯುವ ಮೊದಲು ಅದನ್ನು ನಾನೇ ಪರೀಕ್ಷಿಸಿದೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಟಾಂಕಿಯಿಂದ ಮನೆಗೆ ಇಳಿಯುವ ವಾಲ್ವನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಿಗ್ಗೆ ಮಟ್ಟ ಇಳಿದಿರಲಿಲ್ಲ, ಅಂದರೆ ಟಾಂಕಿಯಲ್ಲಿ ದೋಷವಿರಲಿಲ್ಲ. ಮರುದಿನ ರಾತ್ರಿ ಆ ವಾಲ್ವನ್ನು ಮಾತ್ರ ತೆರೆದಿಟ್ಟೆ. ಮಟ್ಟ ಇಳಿಯಿತು. ಫ್ಲಶ್ ಟಾಂಕಿಯಲ್ಲೂ ಸೋರಿಕೆ ಇರಬಹುದೆಂದು ಅದಕ್ಕೆ ಅಡುಗೆಯ ಬಣ್ಣ ಹಾಕಿ ನೋಡಿದೆ. ಕಮೋಡಿನಲ್ಲಿ ಬಣ್ಣ ಕಾಣಿಸಲಿಲ್ಲ. ದೋಷ ಗೋಡೆಯೊಳಗಿನ ಪೈಪಿನಲ್ಲಿದೆ ಎಂಬುದು ಇಷ್ಟರಿಂದಲೇ ಖಚಿತವಾಯಿತು. ಮನೆಯವರು ಈ ಪರೀಕ್ಷೆಯನ್ನು ಮಾಡಿಟ್ಟುಕೊಂಡರೆ ಮುಂದಿನ ಮಾತುಕತೆಯೇ ಬೇರೆ ಆಗುತ್ತದೆ, ಏಕೆಂದರೆ ಬಂದವರು ಊಹೆಯಿಂದ ಗೋಡೆ ಒಡೆಯಲು ಅವಕಾಶ ಉಳಿಯುವುದಿಲ್ಲ.

ಹೆಸರುಗಳನ್ನು ನೆರೆಹೊರೆಯವರಿಂದಲೂ ಹಾರ್ಡ್‌ವೇರ್ ಅಂಗಡಿಯಿಂದಲೂ ಕೇಳಿಕೊಂಡೆ. ಅಂಗಡಿಯವರು ಸೂಚಿಸುವುದು ಸಾಮಾನ್ಯವಾಗಿ ತಮ್ಮಲ್ಲಿ ಸಾಮಾನು ಕೊಳ್ಳುವವರನ್ನು. ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಅರ್ಹತೆಯ ಪುರಾವೆ ಎಂದುಕೊಳ್ಳಬಾರದು. ಕೇರಳ ಜಲ ಪ್ರಾಧಿಕಾರವು ಪ್ಲಂಬರುಗಳಿಗೆ ಪರವಾನಗಿ ಕೊಡುತ್ತದೆ, ಬೀದಿಯ ಲೈನಿನಿಂದ ಸಂಪರ್ಕ ಪಡೆಯುವಾಗ ಅಂಥವರು ಬೇಕಾಗುತ್ತಾರೆ. ಐಟಿಐಗಳಲ್ಲಿ ಪ್ಲಂಬರ್ ತರಬೇತಿ 1 ವರ್ಷದ್ದು. ಒಡಿಶಾದ ಕೇಂದ್ರಾಪಡಾ ಜಿಲ್ಲೆಯಂತೂ ಪ್ಲಂಬರುಗಳ ನಾಡೆಂದೇ ಹೆಸರಾಗಿದ್ದು, ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕಸುಬಿಗಾಗಿಯೇ ಸರಕಾರಿ ತರಬೇತಿ ಸಂಸ್ಥೆಯಿದೆ. ಆದ್ದರಿಂದ ಹೊರಗಿನವರೆಂಬ ಕಾರಣಕ್ಕೆ ಯಾರನ್ನೂ ದೂರವಿಡಬಾರದೆಂದೂ, ಪರವಾನಗಿಯೋ ಪ್ರಮಾಣಪತ್ರವೋ ಇದ್ದರೆ ಸಂಕೋಚವಿಲ್ಲದೆ ಕೇಳಿ ನೋಡಬೇಕೆಂದೂ ತೀರ್ಮಾನಿಸಿದೆ.

ಆದರೂ ಕಾಗದಕ್ಕಿಂತ ಹೆಚ್ಚಿನದನ್ನು ನನಗೆ ತಿಳಿಸಿದ್ದು ಬಂದವರು ಕೇಳಿದ ಪ್ರಶ್ನೆಗಳು. ಮೊದಲು ಬಂದವರು ಬಾಗಿಲಲ್ಲೇ ನಿಂತು, ಎಲ್ಲ ಪೈಪುಗಳನ್ನೂ ಬದಲಾಯಿಸಬೇಕೆಂದು ಹೇಳಿ ಒಟ್ಟು ಮೊತ್ತವನ್ನು ತಿಳಿಸಿದರು. ಟಾಂಕಿಯನ್ನು ನೋಡಲಿಲ್ಲ, ನನ್ನ ಪರೀಕ್ಷೆಯ ಬಗ್ಗೆ ಕೇಳುವ ಆಸಕ್ತಿಯೂ ಅವರಿಗಿರಲಿಲ್ಲ. ಬಳಿಕ ಬಂದವರು ಮಂಜೇಶ್ವರ ಕಡೆಯವರು, ಕೊಲ್ಲಿಯಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿದವರು. ಅವರು ಮೊದಲು ಕೇಳಿದ್ದು ನೀರು ಎಲ್ಲಿಯದೆಂದು. ಬಾವಿಯದು ಎಂದಾಗ, ಹಳೆಯ ಪೈಪು ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿರಬೇಕಲ್ಲವೇ, ಬೆಳಗಿನ ಮೊದಲ ನೀರು ಕೆಂಪಾಗಿ ಬರುತ್ತದೆಯೇ ಎಂದು ವಿಚಾರಿಸಿದರು. ಎರಡೂ ನಿಜವಾಗಿತ್ತು. ಮುರಕಲ್ಲಿನ ನೆಲದ ಬಾವಿನೀರು ಹೆಚ್ಚಾಗಿ ತುಸು ಆಮ್ಲೀಯವಾಗಿರುವುದರಿಂದ ಜಿಐ ಪೈಪನ್ನು ಒಳಗಿನಿಂದ ತಿನ್ನುತ್ತದೆ, ಮೊದಲು ಸೋಲುವುದು ತಿರುಪಿನ ಗೆರೆ (ಥ್ರೆಡ್) ಕೊರೆದು ತೆಳುವಾದ ಜಾಯಿಂಟು ಎಂದು ಅವರು ತುಳುವಿನಲ್ಲಿ ನಿಧಾನವಾಗಿ ವಿವರಿಸಿದರು. ಈ ಊರಿನ ನೀರನ್ನೂ ಕಲ್ಲನ್ನೂ ಬಲ್ಲ ಮಾತು ಅದು. ಕೆಲಸವನ್ನು ಅವರಿಗೇ ಒಪ್ಪಿಸಿದೆ.

ಒಪ್ಪಿಸುವ ಮೊದಲು ನನ್ನ ಕೆಲವು ಪ್ರಶ್ನೆಗಳಿದ್ದವು. ಬಿಸಿನೀರಿನ ಲೈನಿಗೆ ಯಾವ ಪೈಪು ಎಂದು ಕೇಳಿದೆ. ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗುವುದರಿಂದ ಬಿಸಿ ತಾಳುವ ಸಿಪಿವಿಸಿಯನ್ನೇ ಹಾಕಬೇಕು, ಅದಕ್ಕೆ ಅದರದೇ ಅಂಟು ಬೇಕು, ಒಂದರ ಅಂಟನ್ನು ಇನ್ನೊಂದಕ್ಕೆ ಹಚ್ಚಬಾರದು ಎಂಬ ಉತ್ತರ ತಡವಿಲ್ಲದೆ ಬಂತು. ತಣ್ಣೀರಿನ ಪಿವಿಸಿಯಲ್ಲಿ ಐಎಸ್ (ಭಾರತೀಯ ಮಾನಕ) 4985, ಸಿಪಿವಿಸಿಯಲ್ಲಿ ಐಎಸ್ 15778 ಎಂಬ ಗುರುತು ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ಸಾಮಾನು ಬಂದಾಗ ಅದನ್ನು ನಾವಿಬ್ಬರೂ ಕೂಡಿಯೇ ನೋಡಿದೆವು. ಸಾಮಾನಿನ ಬಿಲ್ಲು ಬೇರೆ, ಕೂಲಿ ಬೇರೆ ಎಂದು ಕಾಗದದಲ್ಲಿ ಬರೆದುಕೊಂಡೆವು, ಕೂಲಿಯ ಕೊನೆಯ ಭಾಗವನ್ನು ಒತ್ತಡದ ಪರೀಕ್ಷೆಯ ಬಳಿಕ ಕೊಡುವುದೆಂದು ಒಪ್ಪಿಕೊಂಡೆವು.

ನಾನು ಬಿಡದೆ ಹಿಡಿದ ಮಾತು ಈ ಪರೀಕ್ಷೆಯದೇ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಪೈಪಿನ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಬೀಳುತ್ತದೆ, ನಮ್ಮ ಟಾಂಕಿಯ ಎತ್ತರ ಅಷ್ಟೂ ಇಲ್ಲ. ಹಾಗಿರುವಾಗ ನಲ್ಲಿ ತೆರೆದು ನೀರು ಬಂತೆಂದು ತೋರಿಸಿದರೆ ಜಾಯಿಂಟಿನ ಗಟ್ಟಿತನ ತಿಳಿಯುವುದಿಲ್ಲ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಅವರು ಎಲ್ಲ ತುದಿಗಳಿಗೂ ಪ್ಲಗ್ಗು ಹಾಕಿ, ಕೈಪಂಪಿನಿಂದ ಟಾಂಕಿಯ ಒತ್ತಡಕ್ಕಿಂತ ಬಹಳ ಹೆಚ್ಚು ಒತ್ತಡ ಕೊಟ್ಟು, ಮಾಪಕದ ಮುಳ್ಳನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರು. ಬೆಳಿಗ್ಗೆ ಮುಳ್ಳು ಸ್ವಲ್ಪ ಇಳಿದಿತ್ತು. ಹಿತ್ತಾಳೆಯ ಎಲ್ಬೋ (ಪೈಪಿನ ತಿರುವಿನ ಜೋಡಣೆ) ಒಂದರ ಥ್ರೆಡ್ಡಿನಲ್ಲಿ ಹನಿ ಕಂಡಿತು. ಅವರು ಒಂದೂ ಮಾತಾಡದೆ ಅದನ್ನು ಬಿಚ್ಚಿ, ಟೆಫ್ಲಾನ್ ಟೇಪನ್ನು ಹೊಸದಾಗಿ ಸುತ್ತಿ ಮತ್ತೆ ಪಂಪು ಮಾಡಿದರು. ಪ್ಲಾಸ್ಟರು ಮುಗಿದ ಮೇಲೆ ಅದೇ ಹನಿ ಗೋಡೆಯನ್ನು ಮತ್ತೆ ಒಡೆಸುತ್ತಿತ್ತು, ಆದುದರಿಂದ ಮುಳ್ಳು ಕದಲದೆ ನಿಲ್ಲುವವರೆಗೆ ಗಾರೆಯವರನ್ನು ನಾನು ಕರೆಯಲಿಲ್ಲ.

ಗೋಡೆ ಮುಚ್ಚುವ ಮೊದಲು ಪ್ರತಿಯೊಂದು ಪೈಪು ಹಾದುಹೋದ ದಾರಿಯನ್ನು, ನೆಲದಿಂದಲೂ ಮೂಲೆಯಿಂದಲೂ ಇರುವ ದೂರವನ್ನು ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಟ್ಟೆ; ಬಚ್ಚಲುಮನೆಗೆ ಪ್ರತ್ಯೇಕ ಬಾಲ್‌ವಾಲ್ವನ್ನೂ ಹಾಕಿಸಿದೆ. ಅಡುಗೆಮನೆಯ ಕಡೆಯ ಹಳೆಯ ಜಿಐ ಲೈನು ಇನ್ನೂ ಉಳಿದಿದೆ. ಮಳೆಗಾಲದಲ್ಲಿ ಗೋಡೆ ಒಣಗದಿರುವುದರಿಂದ ಅದನ್ನು ಬೇಸಿಗೆಯಲ್ಲೇ ತೆರೆಯಬೇಕೆಂದು ಅವರು ಹೇಳಿದ್ದಾರೆ, ಫೆಬ್ರವರಿಯಲ್ಲಿ ಬರುವುದಾಗಿ ಒಪ್ಪಿಯೂ ಇದ್ದಾರೆ.