ಇಥಿಯೋಪಿಯಾದಲ್ಲಿ ಹಕ್ಕಿ ನೋಡಲು ಹೊರಟಿರಾ? ಎತ್ತರ ನೋಡಿ ದಾರಿ ಹಾಕಿಕೊಳ್ಳಿ

ಇಥಿಯೋಪಿಯಾದಲ್ಲಿ 850ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ. ಈ ಸಂಖ್ಯೆಗೆ ಮರುಳಾಗಿ ಇಡೀ ದೇಶವನ್ನು ಒಂದೇ ಪ್ರವಾಸದಲ್ಲಿ ಸುತ್ತಲು ಹೊರಟವರ ಹಗಲು ವಾಹನದಲ್ಲೇ ಕಳೆದುಹೋಗುತ್ತದೆ. ಇಲ್ಲಿ ಎತ್ತರ ಬದಲಾದಂತೆ ಹಕ್ಕಿಗಳೂ ಬದಲಾಗುತ್ತವೆ. ಹಾಗಾಗಿ ನಕ್ಷೆ ಹರಡಿ ಮೊದಲು ಎತ್ತರಗಳನ್ನು ಗುರುತಿಸಿಕೊಳ್ಳಿ: ರಾಜಧಾನಿ ಅಡಿಸ್ ಅಬಾಬ ಸುಮಾರು 2,350 ಮೀಟರ್, ರಿಫ್ಟ್ ಕಣಿವೆಯ ಸರೋವರಗಳು 1,600ರ ಆಸುಪಾಸು, ಬಾಲೆ ಪರ್ವತಗಳ ಸಾನೆಟ್ಟಿ ಪ್ರಸ್ಥಭೂಮಿ ಸುಮಾರು 4,000. ಈ ಮೂರು ಮೆಟ್ಟಿಲು, ಆಮೇಲೆ ದಕ್ಷಿಣದ ಯಾಬೆಲ್ಲೊ. ಮೊದಲ ಸಲಕ್ಕೆ ಇಷ್ಟೇ ಸಾಕು.

ಹೊರಡುವ ಮೊದಲು

ಎತ್ತರದ ಪ್ರದೇಶಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹೋದರೆ ಒಣಹವೆಯೂ ಸಿಗುತ್ತದೆ, ಯುರೋಪ್ ಕಡೆಯಿಂದ ಚಳಿಗಾಲ ಕಳೆಯಲು ಬಂದ ವಲಸೆ ಹಕ್ಕಿಗಳೂ ಸಿಗುತ್ತವೆ. ಅಮ್ಹಾರಾ ಪ್ರದೇಶದಲ್ಲಿ 2023ರಿಂದ ಸಂಘರ್ಷ ನಡೆದಿದೆ, ಒರೊಮಿಯಾದ ಕೆಲವು ರಸ್ತೆಗಳೂ ಸುರಕ್ಷಿತವಲ್ಲ. ಆಯಾ ವಾರದ ಪರಿಸ್ಥಿತಿಯನ್ನು ಸ್ಥಳೀಯ ಮಾರ್ಗದರ್ಶಕರಿಂದ ತಿಳಿದುಕೊಂಡೇ ಹೊರಡಿ. ಅವರು ಬೇಡವೆಂದ ದಾರಿಯನ್ನು ಯಾವ ಹಕ್ಕಿಯ ಆಸೆಗೂ ಹಿಡಿಯಬೇಡಿ.

ಗಡಿಯಾರದ ವಿಷಯವನ್ನೂ ನೆನಪಿಡಿ. ಇಲ್ಲಿನ ಜನ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಬೆಳಗಿನ ಆರು ಅವರ ಹನ್ನೆರಡು. ಚಾಲಕರಿಗೆ ಬರೀ 'ಆರು ಗಂಟೆಗೆ ಬನ್ನಿ' ಎಂದರೆ ಅವರು ನಡುಮಧ್ಯಾಹ್ನ ಬರಬಹುದು. ಯಾವ ಲೆಕ್ಕದ ಆರು ಎಂದು ಬಿಡಿಸಿ ಹೇಳಿ. ಹಕ್ಕಿ ನೋಡುವವರಿಗೆ ಮುಂಜಾವು ಕೈತಪ್ಪುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಮೊದಲ ದಿನ ರಾಜಧಾನಿಯಲ್ಲೇ

ಬಂದಿಳಿದ ದಿನವೇ ಓಡಬೇಡಿ, ಮೈ ಎತ್ತರಕ್ಕೆ ಒಗ್ಗಲಿ. ನಗರದ ಮರಗಳಿರುವ ಯಾವುದೇ ಅಂಗಳದಲ್ಲಿ ವಾಟಲ್ಡ್ ಐಬಿಸ್‌ಗಳು ಕರ್ಕಶವಾಗಿ ಕೂಗುತ್ತಾ ಹಾರುತ್ತವೆ. ಎಂಟೊಟೊ ಬೆಟ್ಟದಲ್ಲಿ ದಪ್ಪ ಕೊಕ್ಕಿನ, ಹೆಗ್ಗತ್ತಿನ ಮೇಲೆ ಬಿಳಿ ಮಚ್ಚೆಯಿರುವ ದೊಡ್ಡ ಕಾಗೆಯನ್ನು ಹುಡುಕಿ.

ಸರೋವರಗಳು

ಅಡಿಸ್‌ನಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಜಿವಾಯ್ ಸರೋವರ. ಮೀನುಗಾರರು ದೋಣಿ ಕಟ್ಟುವ ಕಡೆ ನಿಂತರೆ ಸಾಕು: ಮರಬು ಕೊಕ್ಕರೆ, ಹೆಜ್ಜಾರ್ಲೆ, ಮೀನುಹದ್ದುಗಳೆಲ್ಲ ಹತ್ತಿರದಲ್ಲೇ ಸಿಗುತ್ತವೆ. ಹವಾಸಾದ ಮೀನು ಮಾರುಕಟ್ಟೆಯಲ್ಲೂ ಇದೇ ನೋಟ, ಹಾಗಾಗಿ ಎರಡರಲ್ಲಿ ಒಂದು ಸಾಕು. ಅಬಿಜಾಟಾ-ಶಾಲ್ಲಾ ರಾಷ್ಟ್ರೀಯ ಉದ್ಯಾನವನ್ನು ಮಾತ್ರ ಬಿಡಬೇಡಿ. ಇಲ್ಲಿನ ಎರಡು ಸರೋವರಗಳಲ್ಲಿ ಶಾಲ್ಲಾ ಬಲು ಆಳ, ಅಬಿಜಾಟಾದ ಆಳ ತೀರಾ ಕಡಿಮೆ. ಹೆಜ್ಜಾರ್ಲೆಗಳು ಶಾಲ್ಲಾದ ನಡುಗಡ್ಡೆಗಳಲ್ಲಿ ಗೂಡು ಮಾಡಿ, ಮೀನಿಗಾಗಿ ಅಬಿಜಾಟಾಕ್ಕೆ ಹೋಗುತ್ತಿದ್ದವು. ನೀರೆಳೆದು ಅಬಿಜಾಟಾ ಕುಗ್ಗಿತು, ಉಪ್ಪಿನಂಶ ಏರಿತು, ಮೀನು ಇಲ್ಲವಾಯಿತು. ಈಗ ಅಲ್ಲಿ ರಾಜಹಂಸಗಳ ಗುಂಪು ಕಾಣಬಹುದು. ದಡದ ಕೆಸರು ಗಟ್ಟಿಯಂತೆ ಕಂಡರೂ ಕಾಲು ಹೂತುಹೋಗುತ್ತದೆ. ದೂರದರ್ಶಕವನ್ನು ಒಣನೆಲದಲ್ಲೇ ನಿಲ್ಲಿಸಿಕೊಳ್ಳಿ.

ಬಾಲೆ: ಇಲ್ಲಿ ದಿನಗಳನ್ನು ಧಾರಾಳವಾಗಿ ಕೊಡಿ

ಶಾಶೆಮೆನೆಯಿಂದ ಪೂರ್ವಕ್ಕೆ ಏರಿದರೆ ದಿನ್ಶೊ. ಬಾಲೆ ಪರ್ವತಗಳ ರಾಷ್ಟ್ರೀಯ ಉದ್ಯಾನದ ಕಚೇರಿ ಇಲ್ಲೇ ಇದೆ. ಶುಲ್ಕಕ್ಕೆ ಬಿರ್ (ಇಲ್ಲಿನ ಹಣ) ನಗದಾಗಿ ಇಟ್ಟುಕೊಳ್ಳಿ. ಸುಮಾರು 3,000 ಮೀಟರ್ ಎತ್ತರದ ಈ ಊರಿನಲ್ಲಿ ಒಂದು ರಾತ್ರಿಯಾದರೂ ತಂಗಿ, ಮರುದಿನ ಗೋಬಾ ದಾಟಿ ಸಾನೆಟ್ಟಿಗೆ ಹತ್ತಿ. ಗಾಳಿ ಚುಚ್ಚುತ್ತದೆ, ಬಿಸಿಲು ಸುಡುತ್ತದೆ. ಟೋಪಿ, ಕೈಗವಸು ಎರಡೂ ಬೇಕು. ತಲೆನೋವು ಏರುತ್ತಾ ಹೋದರೆ ತಡಮಾಡದೆ ಕೆಳಗಿಳಿಯಿರಿ.

ಮೇಲೆ ವಾಹನ ನಿಲ್ಲಿಸಿ ಸಣ್ಣ ಕೊಳಗಳ ಅಂಚನ್ನು ನಿಧಾನವಾಗಿ ನೋಡುತ್ತಾ ಹೋಗಿ. ಕತ್ತನ್ನು ಬೆನ್ನಿಗೆ ಒರಗಿಸಿ ಬೂದು ಬಣ್ಣದ ಹೆಬ್ಬಾತು ನಡೆಯುತ್ತಿದ್ದರೆ ಅದೇ ಬ್ಲೂ-ವಿಂಗ್ಡ್ ಗೂಸ್. ಹುಲ್ಲಿನಂಚಿನಲ್ಲಿ ಬಾಲ ಕುಣಿಸಿ ಅದರಡಿಯ ಬಿಳಿ ತೋರಿಸುವುದು ರೂಗೆಟ್ಸ್ ರೈಲ್. ಎರಡೂ ಎತ್ತರದ ನೆಲದ ಹಕ್ಕಿಗಳು. ಮಣ್ಣಿನ ಬಿಲಗಳನ್ನು ಕಂಡರೆ ಮಾತು ನಿಲ್ಲಿಸಿ ಕಾಯಿರಿ. ಬಾಲೆಯಲ್ಲಲ್ಲದೆ ಬೇರೆಲ್ಲೂ ಇಲ್ಲದ ದೊಡ್ಡ ಬಿಲದಿಲಿ ತಲೆ ಹೊರಹಾಕಿ ಮಣ್ಣು ಕೆದರುತ್ತದೆ. ಪಕ್ಕದಲ್ಲೇ ಕಂದು ಬಣ್ಣದ ಪುಟ್ಟ ಮೂರ್‌ಲ್ಯಾಂಡ್ ಚಾಟ್ ಎದ್ದ ಹುಳುಗಳನ್ನು ಹೆಕ್ಕುತ್ತದೆ. ಹಕ್ಕಿ ಬೆದರಿ ಕೂಗಿದರೆ ಇಲಿ ಒಳಸೇರುತ್ತದೆ. ಇಥಿಯೋಪಿಯಾದ ತೋಳ ಬರುತ್ತಿರಬಹುದು. ಜಗತ್ತಿನಲ್ಲಿ 500ಕ್ಕಿಂತ ಕಡಿಮೆ ಉಳಿದಿರುವ ಈ ತೋಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬಾಲೆಯಲ್ಲಿ. ಈ ಒಂದು ದೃಶ್ಯಕ್ಕಾಗಿ ಪಟ್ಟಿಯಲ್ಲಿ ಹತ್ತು ಹಕ್ಕಿ ಕಡಿಮೆಯಾದರೂ ಚಿಂತೆಯಿಲ್ಲ.

ಕೊನೆಗೆ ಯಾಬೆಲ್ಲೊ

ಪ್ರಸ್ಥಭೂಮಿಯ ಆಚೆ ಹರೆನ್ನಾ ಕಾಡಿನ ಮೂಲಕ ರಸ್ತೆ ದಕ್ಷಿಣಕ್ಕಿಳಿಯುತ್ತದೆ. ನೆಗೆಲೆ ದಾಟಿ ಯಾಬೆಲ್ಲೊ ಸುತ್ತಲಿನ ಜಾಲಿ ಬಯಲಿಗೆ ಬಂದರೆ ಸ್ಟ್ರೆಸೆಮನ್ಸ್ ಬುಷ್-ಕ್ರೋ ಕಾಣುತ್ತದೆ: ಬೂದುಬಿಳಿ ಮೈ, ಕಪ್ಪು ರೆಕ್ಕೆ, ಕಣ್ಣಿನ ಸುತ್ತ ನೀಲಿ ಚರ್ಮ. ದನಗಳ ನಡುವೆ ನೆಲ ಕೆದಕುತ್ತಾ ಓಡಾಡುವ ಈ ಹಕ್ಕಿ ಇಡೀ ಭೂಮಿಯಲ್ಲಿ ಇರುವುದು ಇಷ್ಟೇ ಜಾಗದಲ್ಲಿ. ಸುತ್ತಲಿಗಿಂತ ಇಲ್ಲಿ ತುಸು ತಂಪು. ಬಿಸಿಲೇರಿದರೆ ಅದು ಬಾಯ್ತೆರೆದು ಏದುಸಿರು ಬಿಡುತ್ತಾ ನೆರಳು ಸೇರುತ್ತದೆ. ಆದ್ದರಿಂದ ಬೆಳಿಗ್ಗೆಯೇ ಹೋಗಿ, ನೆರಳಿಗೆ ಕುಳಿತದ್ದನ್ನು ಫೋಟೊಕ್ಕಾಗಿ ಬಿಸಿಲಿಗೆ ಅಟ್ಟಬೇಡಿ. ಅದೇ ಬಯಲಿನ ವೈಟ್-ಟೇಲ್ಡ್ ಸ್ವಾಲೋ ಬೊರಾನಾ ಜನರ ಗುಡಿಸಲೊಳಗೂ ಗೂಡು ಕಟ್ಟುತ್ತದೆ. ಮನೆಯವರನ್ನು ಕೇಳಿ, ಅವರು ಕರೆದರೆ ಮಾತ್ರ ಒಳಗೆ ಹೋಗಿ. ಮರಿಗಳಿಗೆ ಗುಟುಕು ಕೊಡುತ್ತಿದ್ದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ.