ಹಳೆಯ ಮನೆಯ ಗೋಡೆಗೆ ಸುಣ್ಣ ಬಳಿಯುವ ಮೊದಲು

ನವರಾತ್ರಿ ಮುಗಿಯುತ್ತಿದ್ದಂತೆ ನಮ್ಮ ಮಲೆನಾಡಿನಲ್ಲಿ ಹಳೆಯ ಮನೆಗಳ ರಿಪೇರಿ ಶುರುವಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಊರಿಗೆ ಹೋದರೂ ಈ ದಿನಗಳಲ್ಲಿ ಅಂಗಳದಲ್ಲಿ ಹೆಂಚು ಇಳಿಸಿಟ್ಟಿರುತ್ತಾರೆ, ಒಳಗಿನ ಕಪಾಟು ಜಗಲಿಗೆ ಬಂದು ನಿಂತಿರುತ್ತದೆ, ಮನೆಯ ಹಿರಿಯರು ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ಊರುಗೋಲು ಹಿಡಿದು ಅತ್ತಿಂದಿತ್ತ ಓಡಾಡುತ್ತಿರುತ್ತಾರೆ. ಬೆಂಗಳೂರಿನಿಂದ ಹದಿನೈದು ದಿನ ರಜೆ ಹಾಕಿ ಬಂದ ಮಕ್ಕಳಿಗೆ ದೀಪಾವಳಿಯೊಳಗೆ ಎಲ್ಲವೂ ಮುಗಿಯಬೇಕು. ಆ ಅವಸರದಲ್ಲಿ ಮಾಡು, ಗೋಡೆ, ನೆಲ ಮೂರಕ್ಕೂ ಒಂದೇ ದಿನ ಕೈ ಹಾಕುತ್ತಾರೆ. ಇದನ್ನು ನೆಂಟರಿಷ್ಟರ ಮನೆಗಳಲ್ಲಿ ನೋಡಿ, ಹೋದ ವರ್ಷ ನಮ್ಮ ಮನೆಯಲ್ಲಿಯೂ ನೋಡಿ, ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಮೊದಲು ಮಾಡು, ಆಮೇಲೆ ಗೋಡೆ, ಎಲ್ಲಕ್ಕೂ ಕೊನೆಯಲ್ಲಿ ನೆಲ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಮಗನೇ ನಡುಮನೆಯ ಕೆಂಪು ನೆಲಕ್ಕೆ ಹೊಳಪು ಕೊಡಿಸಿದ ಮರುದಿನ ಅದೇ ಕೋಣೆಯ ಮೇಲಿನ ಹೆಂಚು ಇಳಿಸಲು ಆಳುಗಳನ್ನು ಹತ್ತಿಸಿದ. ಹೆಂಚು ತೆಗೆಯುವಾಗಲೂ ಆ ದಿನ ಮಧ್ಯಾಹ್ನದೊಳಗೆ ಎಷ್ಟನ್ನು ಮರಳಿ ಹೊದಿಸಬಹುದೋ ಅಷ್ಟನ್ನೇ ತೆಗೆಯಬೇಕು. ಚಿತ್ತ, ಸ್ವಾತಿ ಮಳೆಗಳು ಬೆಳಿಗ್ಗೆ ನೀಲಿ ಆಕಾಶ ತೋರಿಸಿ ಮೂರು ಗಂಟೆಯ ಮೇಲೆ ಗುಡುಗುತ್ತಾ ಬರುತ್ತವೆ, ಟಾರ್ಪಾಲು ಹುಡುಕುವಷ್ಟು ಸಮಯವನ್ನೂ ಕೊಡುವುದಿಲ್ಲ. ಒಡೆದ ಹೆಂಚಿನ ಬದಲಿಗೆ ಹೊಸದನ್ನು ತರುವವರು ಹಳೆಯ ಹೆಂಚೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಇಂತಹ ಕಾರ್ಖಾನೆಗಳು ಹಲವು ಹುಟ್ಟಿಕೊಂಡವು, ಒಬ್ಬರ ಅಚ್ಚು ಇನ್ನೊಬ್ಬರ ಅಚ್ಚಿಗೆ ಸರಿಯಾಗಿ ಕೂರುವುದಿಲ್ಲ. ಹೆಂಚಿನ ಹೊಟ್ಟೆಯ ಮೇಲಿರುವ ಕಾರ್ಖಾನೆಯ ಹೆಸರು ನೋಡಿ ಹೊಂದಿಸದಿದ್ದರೆ ಮುಂದಿನ ಆಷಾಢದಲ್ಲಿ ಹಾಸಿಗೆಯ ಪಕ್ಕದಲ್ಲಿ ಪಾತ್ರೆ ಇಟ್ಟುಕೊಂಡು ಮಲಗಬೇಕಾಗುತ್ತದೆ.

ಮನೆಯೊಳಗೆ ಇದ್ದುಕೊಂಡೇ ಕೆಲಸ ಮಾಡಿಸುವವರು ಒಂದು ಕೋಣೆಯನ್ನು ಕೊನೆಯವರೆಗೂ ಮುಟ್ಟದೆ ಬಿಡಬೇಕು. ಆ ಕೋಣೆ ಮನೆಯ ಅತಿ ಹಿರಿಯರದ್ದೂ ಅತಿ ಚಿಕ್ಕವರದ್ದೂ ಆಗಿರಲಿ. ವಯಸ್ಸಾದವರಿಗೆ ಮಂಚದಿಂದ ಬಚ್ಚಲಿಗೆ ಕತ್ತಲೆಯಲ್ಲಿಯೂ ಕಾಲಿಗೇ ಗೊತ್ತಿರುವ ದಾರಿ ಒಂದಿರುತ್ತದೆ. ಆ ದಾರಿಯಲ್ಲಿ ಮರಳಿನ ಗುಪ್ಪೆಯನ್ನೋ ಏಣಿಯನ್ನೋ ಇಟ್ಟು, ಬಿದ್ದ ಮೇಲೆ ಆಸ್ಪತ್ರೆಗೆ ಓಡುವುದರಲ್ಲಿ ಅರ್ಥವಿಲ್ಲ. ಅಡುಗೆಯನ್ನು ಹಿಂದಿನ ಜಗಲಿಗೆ ಸಾಗಿಸಿ, ಒಂದು ಒಲೆಯಲ್ಲಿ ಆಗುವಷ್ಟನ್ನೇ ಮಾಡಿ. ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿ, ಸುಟ್ಟ ಹಪ್ಪಳ ಇದ್ದರೆ ಹದಿನೈದು ದಿನ ಯಾರೂ ಬಡವಾಗುವುದಿಲ್ಲ. ಆಳುಗಳ ಹತ್ತು ಗಂಟೆಯ ಚಹಾ, ನಾಲ್ಕು ಗಂಟೆಯ ಚಹಾ ಮಾತ್ರ ತಪ್ಪಬಾರದು, ಅದರ ಜೊತೆಗೆ ತಿನ್ನಲು ಏನಾದರೂ ಇರಬೇಕು. ನಮ್ಮ ಸೊಸೆ ಮೊದಲ ದಿನ ಧೂಳಿನ ನಡುವೆಯೇ ಎಂಟು ಜನರಿಗೆ ದೋಸೆ ಎರೆಯಲು ನಿಂತಳು, ಸಂಜೆಯಾಗುವಷ್ಟರಲ್ಲಿ ಅವಳಿಗೂ ಆಳುಗಳಿಗೂ ಮಾತು ನಿಂತಿತ್ತು. ಅವಳ ತಪ್ಪಲ್ಲ, ಹಾಗೆ ಮಾಡಬೇಡವೆಂದು ನಾನು ಮುಂಚೆಯೇ ಹೇಳಬೇಕಿತ್ತು.

ಉಪ್ಪಿನಕಾಯಿಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮನೆ ರಿಪೇರಿಯಲ್ಲಿ ಮೊದಲು ಕೆಡುವುದು ಅದೇ. ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯ ಭರಣಿಯನ್ನು ಅಟ್ಟದಿಂದ ಇಳಿಸಿ ಕೊಟ್ಟಿಗೆಯ ಮೂಲೆಗೆ, ಅಲ್ಲಿಂದ ಜಗಲಿಗೆ ಎಂದು ದಿನಕ್ಕೊಂದು ಕಡೆ ಹೊರಬಾರದು. ಕೆಲಸ ಶುರುವಾಗುವ ಮುನ್ನಾದಿನ ಒಣಗಿದ ಕೈಯಿಂದ ಬಾಯಿಯ ಬಟ್ಟೆ ಬದಲಿಸಿ, ಅದರ ಮೇಲೆ ಇನ್ನೊಂದು ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಮುಟ್ಟದೆ ಬಿಟ್ಟ ಆ ಕೋಣೆಯ ಮಂಚದ ಕೆಳಗೆ ತಳ್ಳಿಬಿಡಿ. ನಿತ್ಯದ ಊಟಕ್ಕೆ ಬೇಕಾದಷ್ಟನ್ನು ಮೊದಲೇ ಸಣ್ಣ ಜಾಡಿಗೆ ತೆಗೆದಿಟ್ಟುಕೊಂಡಿದ್ದರೆ ದೊಡ್ಡ ಭರಣಿಯ ಬಾಯಿ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಇನ್ನು ಗೋಡೆಯ ವಿಷಯಕ್ಕೆ ಬರುತ್ತೇನೆ, ನನಗೆ ಸಿಟ್ಟು ಬರುವುದೂ ಇಲ್ಲಿಯೇ. ನಮ್ಮ ಹಳೆಯ ಮನೆಗಳ ಗೋಡೆ ಮಣ್ಣಿನದು, ಇಲ್ಲವೆ ಮಣ್ಣಿನಲ್ಲಿ ಕಟ್ಟಿದ ಜಂಬಿಟ್ಟಿಗೆಯದು. ಅದು ನಾಲ್ಕು ತಿಂಗಳ ಮಳೆಯಲ್ಲಿ ನೆಲದ ತೇವವನ್ನು ಮೇಲಕ್ಕೆಳೆದುಕೊಂಡು, ಮಳೆ ನಿಂತ ಮೇಲೆ ಗಾಳಿಗೆ ಬಿಟ್ಟುಕೊಡುತ್ತದೆ. ಅಂತಹ ಗೋಡೆಗೆ ಸಿಮೆಂಟು ಮೆತ್ತಿಸಿ, ಅದರ ಮೇಲೆ ಡಬ್ಬದ ಬಣ್ಣ ಹೊಡೆಸಿದರೆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಮಣ್ಣು ಮೆತ್ತಗಾಗುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೆದ್ದು, ಸಿಮೆಂಟಿನ ಗಾರೆ ಹಪ್ಪಳದಂತೆ ಬಿಟ್ಟು ಬರುತ್ತದೆ. ಮೂರು ತಲೆಮಾರು ನಿಂತ ಗೋಡೆ ಹೀಗೆ ಹಾಳಾಗುವುದನ್ನು ನನ್ನ ತವರಿನಲ್ಲಿಯೇ ಕಂಡಿದ್ದೇನೆ. ಬಿರುಕುಗಳಿಗೆ ಹೊಟ್ಟು ಕಲಸಿ ಕೊಳೆಯಿಸಿದ ಮಣ್ಣನ್ನೇ ಮೆತ್ತಬೇಕು, ಮೇಲೆ ಸುಣ್ಣವನ್ನೇ ಬಳಿಯಬೇಕು. ಹಳೆಯ ಎಣ್ಣೆ ಬಣ್ಣವಿದ್ದರೆ ಅದನ್ನು ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ.

ಸುಣ್ಣಕ್ಕೆ ಶರದೃತುವೇ ಏಕೆ ಬೇಕೆಂದು ಮೊಮ್ಮಗಳು ಕೇಳಿದಳು. ಸುಣ್ಣ ಬರಿದೇ ಒಣಗಿದರೆ ಸಾಲದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗಬೇಕು, ಅದಕ್ಕೆ ಸ್ವಲ್ಪ ತೇವವೂ ಬೇಕು. ಮಳೆಗಾಲದಲ್ಲಿ ಗೋಡೆಯೇ ನೀರು ಕುಡಿದಿರುವುದರಿಂದ ಅದು ಹತ್ತುವುದಿಲ್ಲ, ಫಾಲ್ಗುಣ ಚೈತ್ರದ ಬಿಸಿಲಿನಲ್ಲಿ ಬಳಿದ ಗಳಿಗೆಯಲ್ಲಿಯೇ ಒಣಗಿ ಪುಡಿಯಾಗುತ್ತದೆ. ಆಶ್ವೀಜ ಕಾರ್ತಿಕದಲ್ಲಿ ಬೆಳಗಿನ ಇಬ್ಬನಿಯೂ ಹಗಲಿನ ಹಿತವಾದ ಬಿಸಿಲೂ ಇರುತ್ತವೆ. ಅದರಾಚೆಗೆ ಅಡಿಕೆ ಕೊಯ್ಲು ಬಂದರೆ ಆಳೂ ಸಿಗುವುದಿಲ್ಲ, ಅಂಗಳವೂ ಬಿಡುವಿರುವುದಿಲ್ಲ. ಗೋಡೆ ಸಿದ್ಧವಾಗಿದೆಯೇ ಎಂದು ತಿಳಿಯಲು ಬೆಳಿಗ್ಗೆ ಎದ್ದಕೂಡಲೇ ನೆಲದಿಂದ ಒಂದು ಮೊಳ ಎತ್ತರದಲ್ಲಿ ಅಂಗೈ ಇಟ್ಟು ನೋಡಿ, ಆಮೇಲೆ ಭುಜದ ಎತ್ತರದಲ್ಲಿ ಇಟ್ಟು ನೋಡಿ. ಕೆಳಗಿನ ಗೋಡೆ ಮೇಲಿನದಕ್ಕಿಂತ ತಣ್ಣಗಿದ್ದು ಕೈಗೆ ಮಣ್ಣು ಅಂಟಿದರೆ ಇನ್ನೊಂದು ವಾರ ಬಾಗಿಲು ಕಿಟಕಿ ತೆರೆದಿಟ್ಟು ಕಾಯಬೇಕು.

ನಾನು 1968ರಲ್ಲಿ ಈ ಮನೆಗೆ ಬಂದಾಗ ಹಿತ್ತಲಿನ ಹಲಸಿನ ಮರದ ಕೆಳಗೆ ಕಲ್ಲು ಕಟ್ಟಿದ ಸುಣ್ಣದ ಗುಂಡಿ ಇತ್ತು. ಗೌರಿ ಹಬ್ಬಕ್ಕೆ ಮುಂಚೆಯೇ ಘಟ್ಟದ ಕೆಳಗಿನಿಂದ ಚಿಪ್ಪುಸುಣ್ಣ ಬರುತ್ತಿತ್ತು, ನಮ್ಮ ಅತ್ತೆಯವರು ಅದನ್ನು ಅರಳಿಸುವಾಗ ಮಕ್ಕಳನ್ನು ಜಗಲಿಯಿಂದ ಇಳಿಯಲು ಬಿಡುತ್ತಿರಲಿಲ್ಲ. ಗುಂಡಿಯಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸುಣ್ಣ. ಸುಣ್ಣದ ಮೇಲೆ ನೀರು ಸುರಿಯುವುದಲ್ಲ. ಸುಣ್ಣ ಬಿದ್ದ ಕ್ಷಣ ಏನೂ ಆಗುವುದಿಲ್ಲ, ನಾಲ್ಕು ಉಸಿರಿನ ಮೇಲೆ ಚಿಟಿಚಿಟಿ ಎನ್ನುತ್ತದೆ, ಆಮೇಲೆ ಬೆಂಕಿಯೇ ಇಲ್ಲದೆ ಕೊತಕೊತ ಕುದಿಯುತ್ತದೆ, ಬಿಳಿಯ ಆವಿ ಹಲಸಿನ ಎಲೆಗಳವರೆಗೆ ಏರುತ್ತದೆ. ಉದ್ದನೆಯ ಬಿದಿರಿನ ಗಳದಿಂದ ದೂರ ನಿಂತು ತಿರುವುತ್ತಿರಬೇಕು, ಗಂಟು ಉಳಿದರೆ ಗೋಡೆಯ ಮೇಲೆ ಹೋಗಿ ಅರಳಿ ಚಕ್ಕೆ ಎಬ್ಬಿಸುತ್ತದೆ. ಹೋದ ವರ್ಷ ಮೊಮ್ಮಗ ಇದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಡಲು ಹೋದ. ಬಕೆಟ್ಟಿನ ತಳ ಮೆತ್ತಗಾಗಿ ಒಂದು ಪಕ್ಕಕ್ಕೆ ಕುಸಿಯಿತು, ಅವನ ಕಾಲು ಉಳಿದದ್ದು ದೇವರ ದಯೆ. ಅಲ್ಯೂಮಿನಿಯಂ ಪಾತ್ರೆಯನ್ನೂ ಹತ್ತಿರ ತರಬೇಡಿ, ಸುಣ್ಣ ಅದನ್ನು ತಿಂದುಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಕಣ್ಣಿಗೆ ಹಾರಿದರೆ ಎಣ್ಣೆ, ತುಪ್ಪ ಎಂದು ಹುಡುಕದೆ ಒಳ್ಳೆಯ ನೀರನ್ನು ಕಾಲು ಗಂಟೆಗೂ ಹೆಚ್ಚು ಹೊತ್ತು ಹರಿಸಿ ತೊಳೆದು, ನೇರವಾಗಿ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಅರಳಿದ ಸುಣ್ಣವನ್ನು ಅದೇ ದಿನ ಬಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಕನಿಷ್ಠ ಒಂದು ತಿಂಗಳು ನೆನೆಯಬೇಕು, ಮೇಲೆ ಸದಾ ನಾಲ್ಕು ಬೆರಳು ನೀರು ನಿಂತಿರಬೇಕು. ನೀರು ಇಂಗಿ ಸುಣ್ಣಕ್ಕೆ ಗಾಳಿ ತಾಗಿದರೆ ಅದು ಗುಂಡಿಯಲ್ಲಿಯೇ ಕಲ್ಲಾಗಿ ಸತ್ತುಹೋಗುತ್ತದೆ, ಗೋಡೆಗೆ ಹಿಡಿಯುವ ಶಕ್ತಿ ಅದರಲ್ಲಿ ಉಳಿಯುವುದಿಲ್ಲ. ತೋಟಕ್ಕೆ ಔಷಧಿ ಹೊಡೆದು ಉಳಿದ ಸುಣ್ಣದ ಚೀಲವಿದೆಯಲ್ಲ ಎಂದು ಹಲವರು ಕೇಳುತ್ತಾರೆ. ಕೊಳೆರೋಗಕ್ಕೆಂದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಲೆಕ್ಕ ಹಾಕಿ ತಂದು, ಬಾಯಿ ಬಿಚ್ಚಿದ ಚೀಲವನ್ನು ಇಡೀ ಮಳೆಗಾಲ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿರುತ್ತೀರಿ; ಆ ಸುಣ್ಣ ಎಂದೋ ಗಾಳಿಗೆ ಸತ್ತಿದೆ. ಅದನ್ನು ಬಳಿದ ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿಯಾಗುತ್ತದೆ.

ಈಗ ನನ್ನ ಅತ್ತೆಯವರು ಎಂದೂ ಬಿಡದ, ನಾನೂ ಬಿಡದ ಕ್ರಮವನ್ನು ಹೇಳುತ್ತೇನೆ. ನೆನೆದ ಸುಣ್ಣವನ್ನು ತೆಗೆದು ನೀರು ಬೆರೆಸಿ ಮೂರು ಸಲ ಸೋಸಬೇಕು. ಮೊದಲನೆಯದು ಗೋಣಿಯಲ್ಲಿ, ಎರಡನೆಯದು ಹಳೆಯ ಪಂಚೆಯಲ್ಲಿ, ಮೂರನೆಯದು ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಯಲ್ಲಿ. ನೈಲಾನು ಸೀರೆಯಲ್ಲಿ ಸೋಸಿದೆವು ಎನ್ನುವವರು ಸೋಸಲೇ ಇಲ್ಲ ಎಂದು ತಿಳಿಯಬೇಕು. ಸೀರೆಯ ನಾಲ್ಕು ಮೂಲೆಯನ್ನು ನಾಲ್ಕು ಗೂಟಕ್ಕೆ ಸಡಿಲವಾಗಿ ಕಟ್ಟಿ, ನಡುವೆ ಸುಣ್ಣ ಸುರಿದು, ತಾನಾಗಿಯೇ ಇಳಿಯಲು ಬಿಡಬೇಕು. ಹಿಂಡಬಾರದು, ಹಿಂಡಿದರೆ ತರಿಯೂ ಜೊತೆಗೇ ಇಳಿಯುತ್ತದೆ. ಕೆಳಗೆ ಇಳಿದದ್ದಕ್ಕೆ ಹಿಂದಿನ ದಿನದ ಅನ್ನದ ಗಂಜಿಯನ್ನು ಚೆನ್ನಾಗಿ ಸೋಸಿ ಬೆರೆಸಿ, ಒಂದು ಹಿಡಿ ಉಪ್ಪನ್ನು ಕರಗಿಸಿ ಹಾಕಿ. ಗಂಜಿ ಹಿಡಿತಕ್ಕೆ, ಉಪ್ಪು ತೇವವನ್ನು ಒಂದಿಷ್ಟು ಹೊತ್ತು ಹಿಡಿದಿಡುವುದಕ್ಕೆ. ಕೊನೆಗೆ ಬಟ್ಟೆಗೆ ಹಾಕುವ ನೀಲಿಯನ್ನು ಗಂಟು ಕಟ್ಟಿ ನೀರಿನಲ್ಲಿ ಅದ್ದಿ, ಆ ನೀರನ್ನು ಹನಿಹನಿಯಾಗಿ ಬಿಡಬೇಕು. ಎಷ್ಟು ಎಂದು ಕೇಳಿದರೆ ಹೇಳಲಾರೆ. ಪಾತ್ರೆಯಲ್ಲಿ ನೋಡಿದಾಗ ನೀಲಿ ಕಂಡರೆ ಹೆಚ್ಚಾಯಿತು, ಹಳದಿ ಛಾಯೆ ಹೋದರೆ ಸಾಕು. ದಪ್ಪ ಎಮ್ಮೆ ಹಾಲಿನಷ್ಟಿರಬೇಕು, ಮಜ್ಜಿಗೆಯಷ್ಟಾದರೂ ಚಿಂತೆಯಿಲ್ಲ, ಮೊಸರಿನಷ್ಟು ಮಾತ್ರ ಆಗಬಾರದು.

ಕುಂಚಕ್ಕೆ ಕೇದಿಗೆಯ ಬಿಳಲಿನ ತುದಿಯನ್ನು ಒಂದು ರಾತ್ರಿ ನೆನೆಸಿ, ಕಲ್ಲಿನ ಮೇಲೆ ಜಜ್ಜಿ, ನಾರು ಬಿಡಿಸಿದರೆ ಸಾಕು. ಅದು ಸಿಗದವರು ತೆಂಗಿನ ನಾರಿನ ಕುಂಚ ತರಲಿ. ಹಿಂದಿನ ಸಂಜೆ ಗೋಡೆಗೆ ನೀರು ಚಿಮುಕಿಸಿ, ಬಳಿಯುವ ಮೊದಲು ಇನ್ನೊಮ್ಮೆ ಒದ್ದೆ ಮಾಡಬೇಕು. ನೀರು ಹರಿಯಬಾರದು, ಗೋಡೆಯ ಬಣ್ಣ ಗಾಢವಾದರೆ ಸರಿ. ಮೊದಲ ಸಲ ಮೇಲಿನಿಂದ ಕೆಳಕ್ಕೆ, ಎರಡನೆಯ ಸಲ ಅಡ್ಡಕ್ಕೆ, ಮೂರನೆಯ ಸಲ ಮತ್ತೆ ಮೇಲಿನಿಂದ ಕೆಳಕ್ಕೆ, ಪ್ರತಿ ಸಲಕ್ಕೂ ನಡುವೆ ಒಂದು ದಿನ ಬಿಡುವು. ಎಲ್ಲ ಎಳೆಯರೂ ಎಡವುವುದು ಮೊದಲ ಕೈಯಲ್ಲಿಯೇ. ಒದ್ದೆಯಿರುವಾಗ ಸುಣ್ಣ ಗಾಜಿನಂತೆ ಇರುತ್ತದೆ, ಹಿಂದಿನ ಕಲೆಯೆಲ್ಲ ಕಾಣಿಸುತ್ತದೆ. ‘ಇದು ಏನೂ ಹಿಡಿದಿಲ್ಲ ಅಜ್ಜಿ’ ಎಂದು ಮೊಮ್ಮಗ ಕುಂಚ ತುಂಬಾ ಸುಣ್ಣ ಅದ್ದಿ ಮೂರು ಪದರ ಒಟ್ಟಿಗೆ ಮೆತ್ತಿದ. ಎಂಟು ದಿನದಲ್ಲಿ ಆ ಗೋಡೆ ಹಾವಿನ ಪೊರೆಯಂತೆ ಸುಲಿದು ಬಂತು, ಅವನ ಕೈಯಿಂದಲೇ ಕೆರೆಸಿ ಮತ್ತೆ ಬಳಿಸಿದೆ. ಸಂಜೆಯವರೆಗೆ ತಾಳ್ಮೆಯಿಂದಿದ್ದರೆ ಕಿಟಕಿಯ ಕಡೆಯಿಂದ ಬೆಳ್ಳಗಾಗುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯನ್ನು ಬಿಸಿಲು ಸರಿದ ಮೇಲೆಯೇ ಹಿಡಿಯಬೇಕು, ಮರುದಿನ ಬೆಳಿಗ್ಗೆ ಸ್ವಲ್ಪ ನೀರು ಚಿಮುಕಿಸಬೇಕು.

ನೆಲಕ್ಕೆ ಹುಲ್ಲು ಹರಡಿ ಗೋಣಿ ಹಾಸಿ. ಕೆಂಪು ನೆಲದ ಮೇಲೆ ಬಿದ್ದ ಹನಿಯನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸದಿದ್ದರೆ ಆಮೇಲೆ ಹುಳಿ ಹಚ್ಚಿ ಉಜ್ಜುವ ಯೋಚನೆ ಬರುತ್ತದೆ, ಆ ಹುಳಿ ನೆಲದ ಹೊಳಪನ್ನೂ ತೆಗೆದುಬಿಡುತ್ತದೆ.

ದೀಪಾವಳಿಯೊಳಗೆ ಇಡೀ ಮನೆ ಮುಗಿಯಬೇಕೆಂಬ ಹಟ ಬೇಡ. ದೇವರ ಕೋಣೆ, ಬಚ್ಚಲು, ಕೊಟ್ಟಿಗೆ ಈ ಮೂರು ಮುಗಿದಿದ್ದರೆ ಹಬ್ಬ ನಡೆಯುತ್ತದೆ. ನೀರು ತುಂಬುವ ಸಂಜೆ ಹಂಡೆ ಒಲೆಯ ಮೇಲೆ ಕುಳಿತಿರಬೇಕು, ಗೋಪೂಜೆಯ ದಿನ ದನಗಳು ತಮ್ಮ ಜಾಗದಲ್ಲಿಯೇ ನಿಂತಿರಬೇಕು. ಹೋದ ವರ್ಷ ನಡುಮನೆಗೆ ಒಂದು ಕೈ ಮಾತ್ರ ಆಗಿತ್ತು, ಅದೇ ಅರೆಬಿಳುಪಿನ ಗೋಡೆಗಳ ನಡುವೆ ಹತ್ತೊಂಬತ್ತು ಜನ ಸಾಲಾಗಿ ಕುಳಿತು ಹೋಳಿಗೆ ಉಂಡೆವು. ಉಳಿದ ಎರಡು ಕೈಯನ್ನು ಹಬ್ಬ ಕಳೆದ ಮೇಲೆ ಮಗನೂ ಸೊಸೆಯೂ ಸೇರಿ ಬಳಿದರು.

ಗಂಜಿ, ಉಪ್ಪು ಬೆರೆಸದೆ ಉಳಿದ ಸುಣ್ಣವನ್ನು ಚೆಲ್ಲಬೇಡಿ. ಮಣ್ಣಿನ ಗುಡಾಣದಲ್ಲಿ ತುಂಬಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಳಕ್ಕೆ ಕಲ್ಲು ಹೇರಿ ಮಕ್ಕಳ ಕೈಗೆ ಸಿಗದಲ್ಲಿ ಇಟ್ಟರೆ ಮುಂದಿನ ವರ್ಷಕ್ಕೆ ಇನ್ನೂ ಒಳ್ಳೆಯದಾಗುತ್ತದೆ. ಹೋದ ವರ್ಷದ್ದು ನಮ್ಮ ಹಿತ್ತಲಿನಲ್ಲಿ ಹಾಗೆಯೇ ಇದೆ. ಮೊನ್ನೆ ಮುಚ್ಚಳ ತೆಗೆದು ಕೋಲು ಆಡಿಸಿದೆ, ಕಡೆದ ಬೆಣ್ಣೆಯಂತೆ ಕೋಲಿಗೆ ಹತ್ತಿಕೊಂಡು ಬಂತು.