ತುಳಸಿ ಕದಿರು, ದಾಲ್ಚಿನ್ನಿ ಎಲೆ: ಕೊಡಗಿನ ಮಳೆ ನೋಡಿಕೊಂಡು ಎಣ್ಣೆ ಇಳಿಸುವುದು

ಕಾಫಿ ತೋಟದ ಅಂಚಿನಲ್ಲಿ ತುಳಸಿ ಹಾಕಬೇಕೆನ್ನುವವರು ಮೊದಲು ಕೇಳುವುದು, ‘ನೂರು ಕೆ.ಜಿ. ಸೊಪ್ಪಿಗೆ ಎಷ್ಟು ಎಣ್ಣೆ ಬರುತ್ತೆ?’ ಅಂತ. ಬಿಸಿಲು ಬೀಳುವ ಜಾಗದಲ್ಲಿ ಬೆಳೆದು, ಹೂವು ತುಂಬಿದಾಗ ಕೊಯ್ದರೆ 100ರಿಂದ 200 ಗ್ರಾಂ. ತೋಟದ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರದ ಕೆಳಗೆ ಬೆಳೆದದ್ದಕ್ಕೆ ಈ ಲೆಕ್ಕ ಹಿಡಿಯಬೇಡಿ.

ತುಳಸಿಯ ಎಣ್ಣೆ ಎಲೆಯ ಮತ್ತು ಕದಿರಿನ ಮೈಮೇಲಿನ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಬಲಿತ ಕಾಂಡದಲ್ಲಿ ಇಲ್ಲವೆಂದೇ ಹೇಳಬೇಕು. ಹಾಗಾಗಿ ನಾನು ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯುತ್ತೇನೆ. ಬುಡದ ಕಡ್ಡಿ ಉಗಿಯಿಂದ ಎಣ್ಣೆ ಬಟ್ಟಿ ಇಳಿಸುವ ಹಂಡೆಯ ಜಾಗ ತಿನ್ನುತ್ತದೆ, ಸೌದೆ ತಿನ್ನುತ್ತದೆ. ಕೂಳೆ ಚಿಗುರುವುದಕ್ಕೂ ಆ ಬುಡವೇ ಬೇಕು. ನಾಟಿಯಾಗಿ ಸುಮಾರು 90 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 65ರಿಂದ 75 ದಿನಕ್ಕೊಮ್ಮೆ. ದಿನದ ಲೆಕ್ಕಕ್ಕಿಂತ ಕದಿರನ್ನೇ ನಂಬುವುದು ಒಳ್ಳೆಯದು: ಹೂವು ತುಂಬಿರಬೇಕು, ಕೆಳಗಿನ ಬೀಜ ಕಂದು ತಿರುಗಿರಬಾರದು. ಬೀಜ ಬಲಿತ ಮೇಲೆ ಎಲೆ ಉದುರುತ್ತದೆ, ಎಣ್ಣೆಯೂ ಇಳಿಯುತ್ತದೆ.

ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ನಾಟಿ ಮಾಡಿದರೆ ಮೊದಲ ಕೊಯ್ಲು ಮುಂಗಾರಿನ ಬಾಯಿಗೆ ಬಂದು ನಿಲ್ಲುತ್ತದೆ. ಮಳೆ ಹಿಂದಾದ ಮೇಲೆ ನಾಟಿ ಮಾಡಿದರೆ ಡಿಸೆಂಬರಿನ ಬಿಸಿಲು ಸಿಗುತ್ತದೆ, ಆದರೆ ಆಗ ಕಾಫಿ ಕೊಯ್ಲು, ಆಳು ಸಿಗುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ವಾಸಿ. ಸ್ವಲ್ಪ ಜಾಗದಲ್ಲಿ ಹಾಕಿ ಮನೆಯವರೇ ಕೊಯ್ದುಕೊಳ್ಳಬೇಕು. ಮಂಜು ಆರಿದ ಮೇಲೆ, ಒಂಬತ್ತು ಗಂಟೆಯ ಹೊತ್ತಿಗೆ ಕತ್ತಿ ಹಿಡಿದರೆ ಸಾಕು. ಕೊಯ್ದದ್ದನ್ನು ರಾತ್ರಿಯಿಡೀ ರಾಶಿ ಹಾಕಿಟ್ಟರೆ ಒಳಗೆ ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಆ ವಾಸನೆ ಎಣ್ಣೆಗೂ ಬರುತ್ತದೆ, ಮತ್ತೆ ಹೋಗುವುದಿಲ್ಲ. ಕಣದ ನೆರಳಲ್ಲಿ ತೆಳ್ಳಗೆ ಹರಡಿ, ಅದೇ ದಿನ ಹಂಡೆಗೆ ತುಂಬಬೇಕು.

ಮಳೆಗಾಲದಲ್ಲಿ ಎಣ್ಣೆಯೇ ಇರುವುದಿಲ್ಲ ಎನ್ನುವ ಮಾತು ಅರ್ಧ ನಿಜ. ಸೊಪ್ಪಿನಲ್ಲಿ ನೂರಕ್ಕೆ 80 ಭಾಗ ನೀರಿದ್ದರೆ ಒಣ ಭಾಗ 20. ನೀರು 85ಕ್ಕೇರಿದರೆ ಒಣ ಭಾಗ 15. ಗಿಡದ ಎಣ್ಣೆ ಒಂದು ತೊಟ್ಟೂ ಕಡಿಮೆಯಾಗದಿದ್ದರೂ ಹಸಿ ತೂಕದ ಲೆಕ್ಕದಲ್ಲಿ ಕಾಲುಭಾಗ ಇಳಿದಂತೆ ಕಾಣುತ್ತದೆ. ಕೊಯ್ಲಿಗೆ ಮುಂಚೆ 200 ಗ್ರಾಂ ಸೊಪ್ಪನ್ನು ಕ್ಲೆವೆಂಜರ್ ಉಪಕರಣದಲ್ಲಿ (ಎಣ್ಣೆ ಎಷ್ಟಿದೆ ಎಂದು ಅಳೆಯುವ ಸಣ್ಣ ಗಾಜಿನ ಬಟ್ಟಿ) ನೀರು ಹಾಕಿ ಮೂರು ಗಂಟೆ ಕುದಿಸಿ, ಗಾಜಿನ ಕೊಳವೆಯಲ್ಲಿ ನಿಂತ ಎಣ್ಣೆ ಓದಿ. 0.4 ಮಿಲಿ ಇದ್ದರೆ ಶೇ. 0.2. ಜೊತೆಗೇ ಇನ್ನೊಂದು 100 ಗ್ರಾಂ ಒಣಗಿಸಿ ತೂಗಿ, ಒಣ ತೂಕಕ್ಕೆ ಲೆಕ್ಕ ಹಾಕಿ ಹೋಲಿಸಿ. ನಷ್ಟ ಎಲ್ಲಿ ಎಂದು ಆಗ ಗೊತ್ತಾಗುತ್ತದೆ. ಒದ್ದೆ ಸೊಪ್ಪಿನ ನಿಜವಾದ ತೊಂದರೆ ಹಂಡೆಯೊಳಗಿದೆ: ಅದು ಮುದ್ದೆಯಾಗಿ ಕೂರುತ್ತದೆ, ಉಗಿ ಒಂದು ಬದಿಯಲ್ಲೇ ದಾರಿ ಮಾಡಿಕೊಂಡು ಏರುತ್ತದೆ, ಮಿಕ್ಕ ಸೊಪ್ಪು ಹಾಗೇ ಉಳಿಯುತ್ತದೆ.

ಗಿಡದ ಭಾಗ ಎಷ್ಟು ಮುಖ್ಯವೆಂದು ದಾಲ್ಚಿನ್ನಿಯಷ್ಟು ಚೆನ್ನಾಗಿ ಇನ್ನೊಂದು ತೋರಿಸುವುದಿಲ್ಲ. ಅದೇ ಮರದ ಎಲೆಯ ಎಣ್ಣೆಯಲ್ಲಿ ಬಹುಪಾಲು ಯುಜಿನಾಲ್, ಅಂದರೆ ಲವಂಗದ ವಾಸನೆ. ತೊಗಟೆಯ ಎಣ್ಣೆಯಲ್ಲಿ ಸಿನಮಾಲ್ಡಿಹೈಡ್, ಅಂದರೆ ಚಕ್ಕೆಯ ವಾಸನೆ. ಬೇರಿನ ತೊಗಟೆಯಲ್ಲಿ ಕರ್ಪೂರ. ಎಲೆ ಎಣ್ಣೆ ಮಾಡುವಾಗ ಎಳೆ ಕಡ್ಡಿ ಸೇರಿದರೆ ಅದರ ಸಿಪ್ಪೆಯಿಂದ ಸಿನಮಾಲ್ಡಿಹೈಡ್ ಬೆರೆಯುತ್ತದೆ; ಕೊಳ್ಳುವವರು ಎಣ್ಣೆಯ ಅಂಶಗಳನ್ನು ಬಿಡಿಸಿ ತೋರಿಸುವ ಜಿ.ಸಿ. (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಪರೀಕ್ಷೆ ಮಾಡಿಸಿದರೆ ಸಿಕ್ಕಿಬೀಳುತ್ತದೆ. ಕೆಂಪು ಚಿಗುರು ಬಿಟ್ಟು ಬಲಿತ ಹಸಿರು ಎಲೆಯನ್ನಷ್ಟೇ ಬಿಡಿಸಿ, ಮೂರು-ನಾಲ್ಕು ದಿನ ನೆರಳಲ್ಲಿ ಬಾಡಿಸಿ ಹಂಡೆಗೆ ಹಾಕುತ್ತೇನೆ. ತೊಗಟೆ ಬೇಕಿದ್ದವರು ಮಳೆ ಬಂದು ರಸ ಏರಿದಾಗ, ಕೆಂಚು ಚಿಗುರು ಹಸಿರಾಗುವ ಹೊತ್ತಿಗೆ ಕಡಿಯಬೇಕು. ಬೇಸಿಗೆಯಲ್ಲಿ ಸಿಪ್ಪೆ ಕಡ್ಡಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ನಮ್ಮ ಕಾಡಿನ ದಾಲ್ಚಿನ್ನಿಗಳು ಬೇರೆ ಜಾತಿ, ಅವುಗಳ ಎಲೆ ಬೆರೆಸಬೇಡಿ.

ಇಲ್ಲೊಂದು ಎಚ್ಚರಿಕೆ. ದಾಲ್ಚಿನ್ನಿ ಎಣ್ಣೆ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆ ತೇಲುತ್ತದೆ. ಹುಲ್ಲಿಗೆಂದು ಮಾಡಿಸಿದ, ಎಣ್ಣೆ-ನೀರು ಬೇರ್ಪಡಿಸುವ ಸೆಪರೇಟರ್‌ನಲ್ಲಿ ದಾಲ್ಚಿನ್ನಿ ಇಳಿಸಿದರೆ, ನೀರು ಹೋಗುವ ಕೊಳವೆಯಲ್ಲೇ ಎಣ್ಣೆಯೂ ಹೊರಗೆ ಹೋಗುತ್ತದೆ. ತಳದಲ್ಲಿ ನಲ್ಲಿ ಇರುವುದನ್ನೇ ಬಳಸಿ. ಯುಜಿನಾಲ್ ನೀರಿನಲ್ಲಿ ಅಷ್ಟಿಷ್ಟು ಕರಗುವುದರಿಂದ ಇಳಿದ ನೀರನ್ನು ಚೆಲ್ಲದೆ ಹಂಡೆಗೇ ಹಾಕಬೇಕು. ಕಬ್ಬಿಣ ತಾಗಿದರೆ ಬಣ್ಣ ಕಪ್ಪಾಗುತ್ತದೆ, ಸ್ಟೀಲ್ ಪಾತ್ರೆಯೇ ಆಗಬೇಕು.

ಕೊಡವರು ಕಕ್ಕಡ ತಿಂಗಳ ಹದಿನೆಂಟನೇ ದಿನ ಪಾಯಸ ಮಾಡುವ ಮದ್ದು ಸೊಪ್ಪನ್ನೂ ಬಟ್ಟಿ ಇಳಿಸಬಹುದೇ ಎಂದು ಕೇಳುವವರಿದ್ದಾರೆ. ಪಾಯಸಕ್ಕೆ ಬರುವ ಆ ನೇರಳೆ ಬಣ್ಣ ಉಗಿಯ ಜೊತೆ ಏರುವಂಥದ್ದಲ್ಲ. ಅದನ್ನು ಬೇಯಿಸಿ ರಸ ತೆಗೆಯುವ ಹಳೇ ಕ್ರಮವೇ ಸರಿ.

ಎಣ್ಣೆಯ ನೀರು ತೆಗೆಯಲು ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ಸೋಸಿ, ಕಂದು ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಡಿ. ಭಾಗ ಮತ್ತು ಕೊಯ್ದ ತಾರೀಕು ಬರೆದು ಅಂಟಿಸಿ. ಜೂನ್ ತಿಂಗಳದ್ದನ್ನೂ ಡಿಸೆಂಬರದ್ದನ್ನೂ ಒಂದೇ ಕ್ಯಾನಿಗೆ ಸುರಿಯಬೇಡಿ.